ಸ್ವಾರಸ್ಯ ಬರೆಯಿರಿ ಅಂದರೆ ಏನು ಬರೆಯಬೇಕು? ಲೇಖಕರ ಧಾಟಿ ಹಿಡಿಯುವ ಬಗೆ

ಹತ್ತನೇ ಕ್ಲಾಸಿನ ಕನ್ನಡ ಪರೀಕ್ಷೆ ನೆನಪಿದೆಯಾ? 'ಸಂದರ್ಭದೊಂದಿಗೆ ಸ್ವಾರಸ್ಯ ಬರೆಯಿರಿ' ಅಂತ ಒಂದು ಪ್ರಶ್ನೆ ಇರುತ್ತಿತ್ತು. ಯಾವ ಪಾಠ ಅಂತ ಗೊತ್ತಿರುತ್ತಿತ್ತು. ಯಾರು ಯಾರಿಗೆ ಹೇಳಿದ್ದು ಅಂತಲೂ ಗೊತ್ತಿರುತ್ತಿತ್ತು. ಸ್ವಾರಸ್ಯದ ಹತ್ತಿರ ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತಿತ್ತು. ಆಗ ನಾವೆಲ್ಲ ಬರೆದದ್ದು ಒಂದೇ ವಾಕ್ಯ: 'ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.' ಪಾಯಸ ಯಾಕೆ ಸಿಹಿ ಅಂದರೆ ಸಿಹಿಯಾಗಿ ಇರೋದರಿಂದ ಅಂದ ಹಾಗೆ. ಮೇಷ್ಟ್ರು ಒಳ್ಳೆಯವರಾಗಿದ್ದರೆ ಅದಕ್ಕೂ ಮಾರ್ಕ್ಸ್ ಸಿಗುತ್ತಿತ್ತು.

ಆ ಪ್ರಶ್ನೆ ಎಷ್ಟೋ ಸಲ ಕೇಳುತ್ತಿದ್ದದ್ದು ಧಾಟಿಯ ಬಗ್ಗೆ. ಏನು ಹೇಳಿದರು ಅಂತಲ್ಲ, ಹೇಗೆ ಹೇಳಿದರು, ಹಾಗೆ ಹೇಳಿದ್ದರಿಂದ ನಮಗೆ ಏನಾಯಿತು ಅಂತ. ಇದನ್ನ ಯಾರೂ ಬಿಡಿಸಿ ಹೇಳಿಕೊಡಲಿಲ್ಲ. ಅದಕ್ಕೇ ಈ ಬರಹ.

ಧಾಟಿ ಹಿಡಿಯೋದು ನಿಮಗೆ ಹೊಸ ವಿದ್ಯೆ ಏನಲ್ಲ. ಮನೆಯಿಂದ 'ಆಯ್ತು' ಅಂತ ಮೆಸೇಜ್ ಬಂದರೆ ಒಂದು ಅರ್ಥ, 'ಆಯ್ತು ಬಿಡಿ' ಅಂತ ಬಂದರೆ ಇನ್ನೊಂದು. ಎರಡನೆಯದನ್ನು ಓದಿದ ಕೂಡಲೇ ಹೊಟ್ಟೆಯಲ್ಲಿ ಏನೋ ಸಣ್ಣಗೆ ಕಲಕುತ್ತದೆ, ಸಂಜೆ ಬೇಗ ಮನೆಗೆ ಹೋಗಬೇಕು ಅಂತ ಅನ್ನಿಸುತ್ತದೆ. 'ಬಿಡಿ' ಅನ್ನುವ ಎರಡಕ್ಷರಕ್ಕೆ ಅಷ್ಟು ಶಕ್ತಿ. ಇಲ್ಲಿ ಆ 'ಬಿಡಿ'ಯಲ್ಲಿ ಇರೋದು ಧಾಟಿ. ಹೊಟ್ಟೆಯಲ್ಲಿ ಕಲಕಿದ್ದು ಮೂಡ್. ಧಾಟಿ ಬರೆದವರದ್ದು, ಮೂಡ್ ಓದುವವರಲ್ಲಿ ಹುಟ್ಟುವುದು. ಇಷ್ಟನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಅಂದ ಹಾಗೆ, ಇದಕ್ಕೆ 'ಧ್ವನಿ' ಅನ್ನುವ ಪದವನ್ನು ನಾನು ಬೇಕಂತಲೇ ಬಳಸುತ್ತಿಲ್ಲ. ಕಾವ್ಯಮೀಮಾಂಸೆಯಲ್ಲಿ ಧ್ವನಿ ಅಂದರೆ ಬೇರೆ. ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಹೇಳಿದ ಧ್ವನಿ, ಮಾತಿನ ಹಿಂದೆ ಅಡಗಿ ಹೊಳೆಯುವ ಅರ್ಥ. ನಮಗೆ ಬೇಕಾದದ್ದಕ್ಕೆ ಹತ್ತಿರವಾದ ಹಳೆಯ ಪದ ಇನ್ನೊಂದಿದೆ: ಕಾಕು. ಅದೇ ಮಾತನ್ನು ಸ್ವರ ಬದಲಿಸಿ ಹೇಳಿದಾಗ ಅರ್ಥವೇ ತಿರುಗಿಬೀಳುವುದು. 'ಬಹಳ ಬುದ್ಧಿವಂತ ನೀನು' ಅನ್ನೋದನ್ನ ಒಮ್ಮೆ ಬೆನ್ನು ತಟ್ಟಿ ಹೇಳಿ, ಒಮ್ಮೆ ತಲೆ ಚಚ್ಚಿಕೊಂಡು ಹೇಳಿ. ಅದು ಕಾಕು. ಬರಹದಲ್ಲಿ ಸ್ವರ ಕೇಳಿಸುವುದಿಲ್ಲ, ಅದೇ ತೊಂದರೆ. ಹಾಗಾಗಿ ಬರೆಯುವವರು ಸ್ವರವನ್ನು ಬೇರೆ ಕಡೆ ಬಚ್ಚಿಡುತ್ತಾರೆ. ಎಲ್ಲಿ ಅಂತ ನೋಡೋಣ.

ಮೊದಲು ಕ್ರಿಯಾಪದ ನೋಡಿ

ಜಾಸ್ತಿ ಜನ ವಿಶೇಷಣ ಹುಡುಕುತ್ತಾರೆ. ಘೋರ, ಸುಂದರ, ಭಯಾನಕ, ಇಂಥವು. ನನ್ನ ಅನುಭವದಲ್ಲಿ ಕನ್ನಡದ ಧಾಟಿ ಅಲ್ಲಿ ಅಷ್ಟಾಗಿ ಇರುವುದಿಲ್ಲ. ವಾಕ್ಯದ ಬಾಲದಲ್ಲಿ ಇರುತ್ತದೆ.

ಒಬ್ಬರು ಸತ್ತರು ಅನ್ನೋಣ. 'ನಿಧನರಾದರು' ಅಂದರೆ ಪೇಪರಿನವರು ಬರೆದದ್ದು. 'ತೀರಿಕೊಂಡರು' ಅಂದರೆ ಗೌರವ ಇದೆ, ಸ್ವಲ್ಪ ದೂರವೂ ಇದೆ. 'ಹೋಗಿಬಿಟ್ಟರು' ಅಂದರೆ ಹೇಳುವವರಿಗೆ ಇನ್ನೂ ನಂಬಿಕೆ ಬಂದಿಲ್ಲ. 'ಶಿವನ ಪಾದ ಸೇರಿದರು' ಅನ್ನುವುದರಲ್ಲಿ ತುಂಬು ಬಾಳಿನ ಸಮಾಧಾನ ಇದೆ. 'ಗೊಟಕ್ ಅಂದ' ಅಂದರೆ ಸತ್ತವನ ಬಗ್ಗೆ ಹೇಳುವವನಿಗೆ ಕಿಂಚಿತ್ತೂ ಮರುಕ ಇಲ್ಲ, ಅಥವಾ ಇದ್ದೂ ಅದನ್ನ ಮುಚ್ಚಿಡಲು ನೋಡುತ್ತಿದ್ದಾನೆ. ನಡೆದದ್ದು ಒಂದೇ. ಐದು ಬಗೆಯ ಮನಸ್ಸು.

ಇದಕ್ಕಿಂತ ಸೂಕ್ಷ್ಮವಾದದ್ದು ಕ್ರಿಯಾಪದಕ್ಕೆ ಅಂಟಿಕೊಳ್ಳುವ ಪುಟ್ಟ ಕ್ರಿಯಾಪದ. 'ತಿಂದ' ಅನ್ನುವುದು ಬರೀ ಸುದ್ದಿ. 'ತಿಂದುಬಿಟ್ಟ' ಅಂದರೆ ಅಯ್ಯೋ, ಉಳಿಸಿಡಬೇಕಿತ್ತು. 'ತಿಂದುಹಾಕಿದ' ಅಂದರೆ ಸಿಟ್ಟು. 'ತಿಂದುಕೊಂಡ' ಅಂದರೆ ಪಾಪ, ಯಾರೂ ಬಡಿಸಲಿಲ್ಲ, ಅವನ ಪಾಡಿಗೆ ಅವನು. ಲೇಖಕರು ಎಲ್ಲೂ 'ನನಗೆ ಸಿಟ್ಟು ಬಂದಿದೆ' ಅಂತ ಬರೆಯುವುದಿಲ್ಲ, ಒಂದು 'ಹಾಕಿದ' ಸೇರಿಸಿ ಮುಂದೆ ಹೋಗುತ್ತಾರೆ, ನಮಗೆ ಗೊತ್ತೇ ಆಗದ ಹಾಗೆ ನಾವೂ ಅವರ ಸಿಟ್ಟಿನ ಪಕ್ಕ ಕೂತಿರುತ್ತೇವೆ.

ಬಾಲದಲ್ಲಿ ಇನ್ನೊಂದು ಕಳ್ಳ ಇದ್ದಾನೆ: 'ಅಂತೆ'. 'ಅವರು ದೊಡ್ಡ ಡಾಕ್ಟರು.' 'ಅವರು ದೊಡ್ಡ ಡಾಕ್ಟರಂತೆ.' ಎರಡನೆಯದರಲ್ಲಿ ಲೇಖಕರು ಕೈ ತೊಳೆದುಕೊಂಡರು. ಯಾರೋ ಹೇಳಿದರು, ನಾನು ಹೇಳಲಿಲ್ಲ. ಒಂದು ಪುಟದಲ್ಲಿ ನಾಲ್ಕು 'ಅಂತೆ' ಬಂದರೆ ಹುಷಾರಾಗಿ, ನಿಮ್ಮನ್ನು ನಗಿಸಲು ತಯಾರಿ ನಡೆದಿದೆ ಅಥವಾ ಯಾರನ್ನೋ ನಂಬಬೇಡಿ ಅಂತ ಸೂಚನೆ ಬರುತ್ತಿದೆ. (ಕಥೆಯೇ 'ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ' ಅಂತ ಶುರುವಾದರೆ ಮಾತು ಬೇರೆ. ಅಲ್ಲಿ 'ಅಂತೆ' ಅಜ್ಜಿಯ ಮಡಿಲು.)

ಅವನಾ, ಅವರಾ?

ಕನ್ನಡದಲ್ಲಿ ಬರೆಯುವವರಿಗೆ ತಪ್ಪಿಸಿಕೊಳ್ಳಲು ಆಗದ ಒಂದು ಬಲೆ ಇದು. ಯಾರ ಬಗ್ಗೆ ಬರೆದರೂ ಏಕವಚನವೋ ಬಹುವಚನವೋ ಆರಿಸಲೇಬೇಕು. ಆರಿಸಿದ ಕ್ಷಣ ಧಾಟಿ ಬಯಲಾಗುತ್ತದೆ. ಕಥೆಯಲ್ಲಿ ಜಮೀನುದಾರನಿಗೆ 'ಅವರು', ಆಳಿಗೆ 'ಅವನು' ಅಂತಿದ್ದರೆ ಅದು ಊರಿನ ರೂಢಿ, ವಿಶೇಷ ಏನಿಲ್ಲ. ಆಳಿಗೆ 'ಅವರು', ಜಮೀನುದಾರನಿಗೆ 'ಅವನು' ಅಂತಿದ್ದರೆ ಲೇಖಕರು ಯಾರ ಪಕ್ಕ ನಿಂತಿದ್ದಾರೆ ಅಂತ ಬೇರೆ ಹೇಳಬೇಕಾ? ಹತ್ತು ಪುಟ 'ಅವರು' ಆಗಿದ್ದ ಯಜಮಾನರು ಹನ್ನೊಂದನೇ ಪುಟದಲ್ಲಿ 'ಅವನು' ಆಗಿಬಿಟ್ಟರೆ ಅಲ್ಲೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಅಲ್ಲಿ ಏನೋ ಮುರಿದಿದೆ.

ಏಕವಚನ ಅಂದರೆ ಯಾವಾಗಲೂ ಅವಮಾನ ಅಲ್ಲ. ದೇವರನ್ನು ನಾವು 'ನೀನು' ಅಂತಲೇ ಕರೆಯುತ್ತೇವೆ, ಅಮ್ಮನನ್ನೂ. ಬಹುವಚನ ಅಂದರೆ ಯಾವಾಗಲೂ ಗೌರವವೂ ಅಲ್ಲ. ಹದಿನಾರನೇ ಶತಮಾನದ ಪುರಂದರದಾಸರ 'ಡೊಂಕು ಬಾಲದ ನಾಯಕರೆ, ನೀವೇನೂಟವ ಮಾಡಿದಿರಿ' ನಿಮಗೆ ಗೊತ್ತಿರುತ್ತದೆ. ಚಿಕ್ಕಂದಿನಲ್ಲಿ ಅದನ್ನ ಮಕ್ಕಳ ಹಾಡು ಅಂದುಕೊಂಡೇ ಹಾಡಿದ್ದೇವೆ. ಈಗ ನಿಧಾನಕ್ಕೆ ನೋಡಿ. ನಾಯಿಗೆ 'ನಾಯಕರೆ', ಅದೂ ಗೌರವದ ಬಹುವಚನ. 'ಏನು ತಿಂದೆ' ಅಂತಲ್ಲ, 'ಏನೂಟವ ಮಾಡಿದಿರಿ'. ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ. ಆಮೇಲೆ ಕಣಕ ಕುಟ್ಟುವ ಒನಕೆಯಲ್ಲಿ ಏಟು ಬಿದ್ದಾಗ ನಾಯಕರು ಅರಚುವುದಿಲ್ಲ, 'ಕುಂಯ್ ಕುಂಯ್ ರಾಗವ ಮಾಡುವಿರಿ'. ರಾಗ! ಕರ್ನಾಟಕ ಸಂಗೀತದ ಪಿತಾಮಹ ಅನ್ನಿಸಿಕೊಂಡವರು ನಾಯಿಯ ಕುಂಯ್‌ಗುಟ್ಟುವಿಕೆಗೆ ರಾಗ ಅನ್ನುತ್ತಿದ್ದಾರೆ.

ಈಗ ಇದರ ಮೇಲೆ ಒಂದು ಪರೀಕ್ಷೆ ಮಾಡಿ. ನನಗೆ ತುಂಬಾ ಇಷ್ಟವಾದ ಉಪಾಯ ಇದು: ಧಾಟಿ ಅಡಗಿರುವ ಪದಗಳನ್ನಷ್ಟೇ ಬದಲಿಸಿ ನೋಡುವುದು. 'ಡೊಂಕು ಬಾಲದ ನಾಯಿಯೇ, ನೀನು ಏನು ತಿಂದೆ?' ಹಾಡು ಅಲ್ಲೇ ಸತ್ತುಹೋಯಿತು. ಅರ್ಥ ಎಲ್ಲಾ ಇದೆ, ಸ್ವಾರಸ್ಯ ಇಲ್ಲ. ಅಂದರೆ ಸ್ವಾರಸ್ಯ ಇದ್ದದ್ದು ಆ ಸುಳ್ಳು ಮರ್ಯಾದೆಯಲ್ಲಿ. ಮೂಡ್ ಏನಾಯಿತು? ಮೊದಲು ನಗು. ಆಮೇಲೆ ಸಣ್ಣ ಇರಿಸುಮುರಿಸು, ಈ ನಾಯಕರು ನಾಯಿಯಾ, ನಿಜವಾದ ನಾಯಕರಾ, ಅಥವಾ ಊಟದ ಮನೆಯಲ್ಲಿ ಇಣುಕುವ ನಾವೇನಾ ಅಂತ. ಪರೀಕ್ಷೆಯಲ್ಲಿ ಇಷ್ಟು ಬರೆದಿದ್ದರೆ ಮೇಷ್ಟ್ರು ಎದ್ದು ನಿಲ್ಲುತ್ತಿದ್ದರು.

ಧಾಟಿ ಒಂದು, ಮೂಡ್ ಇನ್ನೊಂದು

ಜನ ಹೆಚ್ಚಾಗಿ ಎಡವುವುದು ಇಲ್ಲೇ. ದುಃಖದ ಕಥೆ ಅಂದರೆ ಧಾಟಿಯೂ ದುಃಖದ್ದೇ ಇರಬೇಕು ಅಂದುಕೊಳ್ಳುತ್ತಾರೆ. ಇಲ್ಲ. ಎಷ್ಟೋ ಸಲ ಉಲ್ಟಾ.

ಎರಡು ವಾಕ್ಯ ಬರೆಯುತ್ತೇನೆ, ಎರಡೂ ನಾನೇ ಈಗ ಕಟ್ಟಿದ್ದು.

'ಅಪ್ಪನ ಅಗಲಿಕೆಯಿಂದ ಇಡೀ ಮನೆ ತುಂಬಲಾರದ ದುಃಖದ ಕಡಲಿನಲ್ಲಿ ಮುಳುಗಿಹೋಯಿತು.'

'ಅಪ್ಪ ಹೋದ ಮೂರನೇ ದಿನ ಅಮ್ಮ ಹಾಲಿನವನಿಗೆ, ನಾಳೆಯಿಂದ ಅರ್ಧ ಲೀಟರ್ ಕಮ್ಮಿ ಹಾಕಪ್ಪ ಅಂದಳು.'

ಮೊದಲನೆಯದರಲ್ಲಿ ಲೇಖಕರೇ ಅತ್ತುಬಿಟ್ಟರು, ನಮಗೆ ಅಳೋಕೆ ಏನೂ ಉಳಿಸಲಿಲ್ಲ. ಎರಡನೆಯದರ ಧಾಟಿ ಮನೆಯ ಲೆಕ್ಕದ್ದು. ಒಣ. ಅಲ್ಲಿ ದುಃಖ ಅನ್ನುವ ಪದವೇ ಇಲ್ಲ. ಆದರೆ ಓದಿದವರ ಗಂಟಲು ಕಟ್ಟುತ್ತದೆ, ಯಾಕೆಂದರೆ ಆ ಅರ್ಧ ಲೀಟರ್ ಯಾರದ್ದು ಅಂತ ನಾವೇ ಲೆಕ್ಕ ಹಾಕಬೇಕಾಯಿತು. ನಾವೇ ಹಾಕಿದ ಲೆಕ್ಕ ಜಾಸ್ತಿ ನೋಯಿಸುತ್ತದೆ.

ಇದು ಇವತ್ತಿನ ಕಥೆಗಾರರ ಜಾಣತನ ಅಂದುಕೊಳ್ಳಬೇಡಿ. ಗೋವಿನ ಹಾಡು ತೆಗೆದುಕೊಳ್ಳಿ. ಪುಣ್ಯಕೋಟಿ ಕರುವನ್ನು ಬಿಟ್ಟು ಹುಲಿಯ ಗವಿಗೆ ವಾಪಸ್ ಬಂದು ಏನು ಹೇಳುತ್ತಾಳೆ? 'ಖಂಡವಿದೆಕೋ ಮಾಂಸವಿದೆಕೋ ಗುಂಡಿಗೆಯ ಬಿಸಿ ರಕ್ತವಿದೆಕೋ.' ಇದೆಕೋ, ಅಂದರೆ ಇಗೋ ತಗೋ. ಆಮೇಲೆ ಇದೆಲ್ಲವನ್ನೂ ಉಂಡು ಸಂತಸದಿಂದಿರು ಅನ್ನುತ್ತಾಳೆ. 'ತಿಂದು' ಅಲ್ಲ, 'ಉಂಡು'. ಹುಲಿಗೆ ಎಲೆ ಹಾಕಿ ಬಡಿಸುತ್ತಿದ್ದಾಳೆ ಆಕೆ. ಒಂದೊಂದೇ ಪದಾರ್ಥದ ಹೆಸರು ಹೇಳಿ, ಇದು ಬಿಸಿ ಇದೆ ಅಂತಲೂ ಹೇಳಿ. ಧಾಟಿ ಅತಿಥಿ ಸತ್ಕಾರದ್ದು, ನಮ್ಮ ಕಣ್ಣಲ್ಲಿ ನೀರು. ಅದೇ ಆಕೆ ಗೋಳಾಡಿ ಬೇಡಿಕೊಂಡಿದ್ದರೆ ನಮಗೆ ಅಯ್ಯೋ ಅನ್ನಿಸುತ್ತಿತ್ತು, ಅಷ್ಟೇ. ಹುಲಿಗೂ ಅಷ್ಟೇ ಅನ್ನಿಸುತ್ತಿತ್ತೇನೋ. ಹಾಡಿನಲ್ಲಿ ಹುಲಿ ಸೋತದ್ದು ಆ ಧಾಟಿಗೆ ಅಂತ ನನ್ನ ವಾದ.

ಹಾಗಾಗಿ ಓದುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿಕೊಳ್ಳಿ. ಹೇಳುವವರ ಮುಖ ಹೇಗಿದೆ? ನನ್ನ ಮುಖ ಹೇಗಾಯಿತು? ಎರಡೂ ಒಂದೇ ಥರ ಇದ್ದರೆ ಸರಿ, ಮುಂದೆ ಹೋಗಿ. ಬೇರೆ ಬೇರೆ ಇದ್ದರೆ ಅಲ್ಲಿ ನಿಲ್ಲಿ, ಆ ಬರಹದ ಗುಟ್ಟು ಅಲ್ಲೇ ಇರುತ್ತದೆ. ತಣ್ಣಗೆ ಹೇಳಿದ್ದಕ್ಕೆ ಭಯ ಆಯಿತಾ? ನಗುನಗುತ್ತಾ ಹೇಳಿದ್ದಕ್ಕೆ ನಾಚಿಕೆ ಆಯಿತಾ? ಯಾವ ಪದದ ಹತ್ತಿರ ಆಯಿತು ಅಂತ ಬೆರಳಿಟ್ಟು ತೋರಿಸಿ. ಬೆರಳಿಡಲು ಜಾಗ ಸಿಗಲಿಲ್ಲ ಅಂದರೆ ಅದು ನಿಮ್ಮದೇ ಅವತ್ತಿನ ಮೂಡ್ ಇರಬಹುದು, ಹೊಟ್ಟೆ ಹಸಿದಿರಬಹುದು. ಸುಮ್ನೆ ಲೇಖಕರ ತಲೆಗೆ ಕಟ್ಟಬೇಡಿ.

ಧಾಟಿ ಮಧ್ಯದಲ್ಲಿ ತಿರುಗುತ್ತದೆ

ಒಂದು ಬರಹಕ್ಕೆ ಒಂದೇ ಧಾಟಿ ಅನ್ನುವ ನಿಯಮ ಇಲ್ಲ. ಹನ್ನೆರಡನೇ ಶತಮಾನದ ಬಸವಣ್ಣನವರ 'ಉಳ್ಳವರು ಶಿವಾಲಯವ ಮಾಡುವರು' ವಚನ ನೋಡಿ, ಬರೀ ಆರು ಸಾಲು. ಅದರಲ್ಲಿ 'ಅಯ್ಯಾ' ಮೂರು ಸಲ ಬರುತ್ತದೆ. 'ನಾನೇನ ಮಾಡುವೆ, ಬಡವನಯ್ಯಾ' ಅನ್ನುವಾಗ ಕೈ ಕಟ್ಟಿ ನಿಂತ ಮನುಷ್ಯ. ಕಾಲೇ ಕಂಬ, ದೇಹವೇ ದೇಗುಲ, 'ಶಿರವೇ ಹೊನ್ನ ಕಳಶವಯ್ಯಾ' ಅನ್ನುವಾಗ ಅದೇ ಮನುಷ್ಯನ ಬೆನ್ನು ನೇರ ಆಗಿದೆ. ಆ ಮೂರು 'ಏ'ಕಾರ ನೋಡಿ, ಕಾಲೇ, ದೇಹವೇ, ಶಿರವೇ. ಒಂದೊಂದು ಮೆಟ್ಟಿಲು ಹತ್ತಿದ ಹಾಗೆ. ಕೊನೆಗೆ 'ಕೂಡಲಸಂಗಮದೇವಾ ಕೇಳಯ್ಯಾ'. ಈಗ ದೇವರಿಗೇ ಕೇಳು ಅನ್ನುತ್ತಿದ್ದಾರೆ! ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಅಂತ ತೀರ್ಪು ಕೊಟ್ಟು ಮುಗಿಸುತ್ತಾರೆ. ದೈನ್ಯದಿಂದ ಶುರುವಾದದ್ದು ಸವಾಲಾಗಿ ನಿಂತಿತು. 'ಈ ವಚನದ ಧಾಟಿ ವಿನಯ' ಅಂತ ಬರೆದರೆ ಮೊದಲ ಎರಡು ಸಾಲು ಮಾತ್ರ ಓದಿದ ಹಾಗೆ.

ತಿರುವು ಹುಡುಕಲು ಸುಲಭ ದಾರಿ, ಗಟ್ಟಿಯಾಗಿ ಓದುವುದು. ಮನಸ್ಸಿನಲ್ಲಿ ಓದುವಾಗ ಎಲ್ಲವೂ ಒಂದೇ ಸ್ವರದಲ್ಲಿ ಹೋಗಿಬಿಡುತ್ತದೆ. ಬಾಯಿ ಬಿಟ್ಟು ಓದಿದರೆ ನಾಲಿಗೆಯೇ ಹೇಳುತ್ತದೆ, ಇಲ್ಲಿ ಇಳಿಸು, ಇಲ್ಲಿ ಏರಿಸು ಅಂತ. ಎಲ್ಲಿ ನಿಮಗೆ ಯಾವ ಸ್ವರದಲ್ಲಿ ಓದಬೇಕು ಅಂತ ಗೊಂದಲ ಆಗುತ್ತದೋ ಅಲ್ಲಿ ಧಾಟಿ ತಿರುಗುತ್ತಿದೆ, ಇಲ್ಲವೇ ಎರಡು ಧಾಟಿ ಒಟ್ಟಿಗೆ ಇವೆ. ಕರಾವಳಿಯ ಕಡೆಯವರು ಒಂದು ತಾಳಮದ್ದಳೆಗೆ ಹೋಗಿ ಕೂತರೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಅದು ಯಕ್ಷಗಾನದ್ದೇ ಕೂತು ಮಾತಾಡುವ ರೂಪ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಹಾಡುವ ಪದ್ಯ, ಅದಕ್ಕೆ ಪಾತ್ರವಾಗಿ ಅರ್ಥ ಹೇಳುವ ಅರ್ಥಧಾರಿಗಳ ಮಾತು, ಇವೇ ಮುಖ್ಯ. ಪದ್ಯ ಅದೇ. ಒಬ್ಬ ಅರ್ಥಧಾರಿ ಕರ್ಣನಾದರೆ ಅಳು ಬರುತ್ತದೆ, ಇನ್ನೊಬ್ಬರು ಅದೇ ಪದ್ಯಕ್ಕೆ ಕರ್ಣನಾದರೆ ಸಿಟ್ಟು ಬರುತ್ತದೆ. ಎರಡು ರಾತ್ರಿ ಹೋಲಿಸಿ ನೋಡಿದವರಿಗೆ ಧಾಟಿಯ ಪಾಠ ಬೇರೆ ಬೇಡ.

ಇನ್ನು ಕೆಲವು ಚಿಲ್ಲರೆ ಸುಳಿವು

ಗಿ-ಪದಗಳು. 'ಕವಿತೆ ಬರೀತಾನೆ' ಅಂದರೆ ಸರಿ. 'ಕವಿತೆ ಗಿವಿತೆ ಬರೀತಾನೆ' ಅಂದರೆ ಮುಗಿಯಿತು ಅವನ ಕಥೆ. 'ಊ' ಮತ್ತು 'ಏ' ಕೂಡ ಹಾಗೆಯೇ: 'ಅವನೂ ಬಂದ', 'ಅವನೇ ಬಂದ', 'ಅವನಾದರೂ ಬಂದ'. ಮೂರಕ್ಕೂ ಹಿಂದೆ ಬೇರೆ ಬೇರೆ ಕಥೆ ಇದೆ.

ಸಣ್ಣ ವಿಷಯಕ್ಕೆ ದೊಡ್ಡ ಸಂಸ್ಕೃತ ಪದ ಬಂದರೆ ಬಹುಮಟ್ಟಿಗೆ ಲೇವಡಿ. 'ಸದರಿ ಮಹಾಶಯರು ಉಪ್ಪಿಟ್ಟನ್ನು ಸೇವಿಸಿ ಕೃತಾರ್ಥರಾದರು' ಅಂದರೆ ಯಾರೂ ಭಕ್ತಿಯಿಂದ ಓದುವುದಿಲ್ಲ. ದೊಡ್ಡ ವಿಷಯಕ್ಕೆ ಚಿಕ್ಕ ಪದ ಬಂದರೆ ಎದೆಗೆ ತಟ್ಟುತ್ತದೆ, ಅರ್ಧ ಲೀಟರ್ ಹಾಲಿನ ಥರ.

ವಾಕ್ಯದ ಉದ್ದ. ಅದೇ ಕರೆಂಟ್ ಹೋದ ಸುದ್ದಿ: 'ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಮಹಡಿಯ ಮೇಲೆ ಯಾರೋ ನಡೆದರು.' ಹೆದರಿಕೆ ಆಯಿತಲ್ವಾ? ಈಗ ಹೀಗೆ: 'ಕರೆಂಟ್ ಹೋದದ್ದೇ ತಡ ಬೀದಿಯ ಮಕ್ಕಳೆಲ್ಲ ಹೋ ಅಂತ ಕೂಗುತ್ತಾ ಹೊರಗೆ ಬಂದರು, ಅಜ್ಜಿ ಸೀಮೆಎಣ್ಣೆ ದೀಪ ಹುಡುಕುತ್ತಾ ಬೆಂಕಿಪೊಟ್ಟಣ ಇಟ್ಟವರಿಗೆಲ್ಲ ಬೈದಳು, ನಾವು ಜಗಲಿಯ ಮೇಲೆ ಅಂಗಾತ ಮಲಗಿ ನಕ್ಷತ್ರ ಎಣಿಸಿದೆವು.' ಉದ್ದಕ್ಕೆ ಹರಿಯುವ ವಾಕ್ಯದಲ್ಲಿ ಹೆದರಿಕೆ ನಿಲ್ಲುವುದಿಲ್ಲ. ಮೂರನೆಯದು ಆಫೀಸಿನ ಭಾಷೆ: 'ತಾಂತ್ರಿಕ ಕಾರಣಗಳಿಂದಾಗಿ ವಿದ್ಯುತ್ ಪೂರೈಕೆಯನ್ನು ಸ್ಥಗಿತಗೊಳಿಸಲಾಗಿದೆ.' ಈ 'ಲಾಗಿದೆ' ಇದೆಯಲ್ಲ, ಅದರಲ್ಲಿ ಮಾಡಿದವರು ಯಾರೂ ಇರುವುದಿಲ್ಲ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗದ ಹಾಗೆ ಬರೆಯುವ ಧಾಟಿ ಅದು. ನನಗಂತೂ ಅದನ್ನ ಓದಿದರೆ ಸಿಟ್ಟು ಎರಡರಷ್ಟು ಆಗುತ್ತದೆ.

ಇನ್ನೊಂದು ಎಚ್ಚರಿಕೆ. ಕಥೆಯಲ್ಲಿ 'ನಾನು' ಅಂತ ಹೇಳುವವನೇ ಲೇಖಕ ಅಲ್ಲ. 'ನಾನು' ಜಂಬ ಕೊಚ್ಚಿಕೊಳ್ಳುತ್ತಿರಬಹುದು, ಲೇಖಕರು ಅವನ ಬೆನ್ನ ಹಿಂದೆ ನಿಂತು ನಮಗೆ ಕಣ್ಣು ಹೊಡೆಯುತ್ತಿರಬಹುದು. ಅವನು ತನ್ನ ಬಗ್ಗೆ ಹೇಳುವುದಕ್ಕೂ ಕಥೆಯಲ್ಲಿ ಅವನು ಮಾಡುವುದಕ್ಕೂ ತಾಳೆ ಆಗುತ್ತಾ ನೋಡಿ.

ಹಿಡಿದದ್ದನ್ನು ಹೇಳಲು ಪದ ಬೇಕು

ಧಾಟಿ ಗೊತ್ತಾದರೂ ಬಾಯಿಗೆ ಬರುವುದು 'ಚೆನ್ನಾಗಿದೆ', 'ಮನ ಮುಟ್ಟುವಂತಿದೆ', ಇಷ್ಟೇ. ಕನ್ನಡದಲ್ಲಿ ಪದಗಳಿಗೆ ಬರ ಏನಿಲ್ಲ. ನಗುವಿಗೆ ಸಂಬಂಧಿಸಿದ್ದೇ ಎಷ್ಟಿವೆ ನೋಡಿ. ಕುಚೋದ್ಯ ಅಂದರೆ ತುಂಟತನ, ಯಾರಿಗೂ ಗಾಯ ಆಗುವುದಿಲ್ಲ. ಲೇವಡಿ ಅಂದರೆ ಎದುರಿಗೇ ಆಡಿಕೊಳ್ಳುವುದು. ಕೊಂಕು ಅಂದರೆ ಹೊಗಳಿಕೆಯ ಒಳಗೆ ಮುಳ್ಳು. ವ್ಯಂಗ್ಯ ಅಂದರೆ ಹೇಳುವುದು ಒಂದು, ಉದ್ದೇಶ ಇನ್ನೊಂದು. ನಿಂದಾಸ್ತುತಿ ಅಂದರೆ ಬೈದ ಹಾಗೆ ಮಾಡಿ ಹೊಗಳುವುದು, ನಮ್ಮ ದಾಸರು ದೇವರಿಗೇ ಇದನ್ನ ಮಾಡಿದ್ದಾರೆ. ಇನ್ನು ಅಕ್ಕರೆ, ಮರುಕ, ಹಳಹಳಿಕೆ, ಹುಸಿಮುನಿಸು, ಬಿಗುಮಾನ, ತಾತ್ಸಾರ, ಉಡಾಫೆ, ಗದರಿಕೆ, ನಿರ್ಲಿಪ್ತ. ಬಿಗುಮಾನಕ್ಕೂ ತಾತ್ಸಾರಕ್ಕೂ ಏನು ವ್ಯತ್ಯಾಸ ಅಂತ ಒಂದು ನಿಮಿಷ ಯೋಚಿಸಿ, ಓದುವ ಕಣ್ಣು ತಾನಾಗಿ ಚೂಪಾಗುತ್ತದೆ.

ಬರೆಯುವಾಗ ಮೂರು ವಿಷಯ ಇರಲಿ: ಯಾವ ಧಾಟಿ, ಯಾರ ಬಗ್ಗೆ, ಯಾವ ಪದದಲ್ಲಿ ಕಾಣಿಸಿತು. 'ದಾಸರು ನಾಯಿಗೆ ಬಹುವಚನ ಕೊಟ್ಟು ನಾಯಕರನ್ನು ಕೊಂಕಿನಿಂದ ಮಾತಾಡಿಸುತ್ತಾರೆ, ಹಾಗಾಗಿ ನಗು ಬಂದ ಮೇಲೆ ಕಸಿವಿಸಿ ಉಳಿಯುತ್ತದೆ.' ಒಂದೇ ವಾಕ್ಯ ಸಾಕು.

ಅಭ್ಯಾಸಕ್ಕೆ ದೊಡ್ಡ ಪುಸ್ತಕ ಬೇಡ. ಮನೆಯಲ್ಲಿ ಯಾವುದಾದರೂ ಮದುವೆ ಕಾಗದ ಬಿದ್ದಿರುತ್ತದೆ, ತೆಗೆದುಕೊಳ್ಳಿ. ಮೇಲೆ ಮುಹೂರ್ತದ ಭಾಗ, ತಿಥಿ ವಾರ ನಕ್ಷತ್ರ ಸಮೇತ, ಪಂಚಾಂಗದ ಧಾಟಿಯಲ್ಲಿ. ಕೆಳಗೆ 'ಆಶೀರ್ವಾದವೇ ಉಡುಗೊರೆ' ಅಂತ ಒಂದು ಸಾಲು, ಅದು ವಿನಯವಾ, ಬಿಗುಮಾನವಾ, ಅಥವಾ ಸುಮ್ನೆ ರೂಢಿಯಾ ನೀವೇ ಹೇಳಿ. ಅದರ ಪಕ್ಕದಲ್ಲಿ ಇನ್ನೂ ಅಕ್ಷರ ಬಾರದ ಮಕ್ಕಳ ಹೆಸರಲ್ಲಿ 'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಅಂತ ಇದ್ದರೆ, ಆ ಸಾಲನ್ನು ನಿಜವಾಗಿ ಬರೆದವರು ಯಾರು, ಮಗುವಿನ ಧಾಟಿಯನ್ನು ಯಾಕೆ ಸಾಲ ತಂದರು ಅಂತ ಒಂದು ಸಾಲು ಸ್ವಾರಸ್ಯ ಬರೆಯಿರಿ.